ಬೂದಿ ನೀರು ಮರೆತ ಜೋಳ

ಎಲೆ-ಅಡಿಕೆಗೆ ಹಚ್ಚುವ ಸುಣ್ಣ ಇದೆಯಲ್ಲ, ಅದರಲ್ಲಿ ಒಂದು ಚಮಚ ತೆಗೆದು ನೀರಿಗೆ ಕದಡಿ, ಅರ್ಧ ಕಿಲೋ ಒಣ ಮೆಕ್ಕೆಜೋಳದ ಕಾಳು ಹಾಕಿ ಮುಕ್ಕಾಲು ಗಂಟೆ ಕುದಿಸಿದೆ. ಸ್ಟೀಲ್ ಪಾತ್ರೆಯೇ ಬೇಕು, ಅಲ್ಯೂಮಿನಿಯಂ ಅನ್ನು ಸುಣ್ಣ ತಿಂದುಬಿಡುತ್ತದೆ. ರಾತ್ರಿ ಹಾಗೇ ಬಿಟ್ಟೆ. ಬೆಳಗ್ಗೆ ಒಂದು ಕಾಳು ತೆಗೆದು ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಲೋಳೆಯಾಗಿ ಜಾರಿ ಬಂತು. ಚೆನ್ನಾಗಿ ತೊಳೆದು ರುಬ್ಬಿದೆ. ಸಾದಾ ಮೆಕ್ಕೆಜೋಳದ ಹಿಟ್ಟಿನ ರೊಟ್ಟಿ ತಟ್ಟಿದವರಿಗೆ ಗೊತ್ತು, ಬಿಸಿನೀರು ಹಾಕಿ ಎಷ್ಟು ನಾದಿದರೂ ಅಂಚು ಬಿರಿಯುತ್ತದೆ. ಈ ಹಿಟ್ಟು ಬಿರಿಯಲಿಲ್ಲ.

ಮೆಕ್ಸಿಕೋ, ಗ್ವಾಟೆಮಾಲಾ ಕಡೆಯವರು ಇದನ್ನು ಕನಿಷ್ಠ 3000 ವರ್ಷಗಳಿಂದ ಮಾಡುತ್ತಿದ್ದಾರೆ. ಉತ್ತರಕ್ಕೆ ಹೋದರೆ ಸುಣ್ಣದ ಬದಲು ಕಟ್ಟಿಗೆಯ ಬೂದಿ. ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನ ಒಲೆಯ ಬೂದಿಯ ನೀರಲ್ಲೇ ಮೆಕ್ಕೆಜೋಳ ಬೇಯಿಸುತ್ತಿದ್ದರು. ಹೀಗೆ ಸಿಪ್ಪೆ ಸುಲಿದ ಕಾಳಿಗೆ ಅಮೆರಿಕನ್ನರು ಇವತ್ತಿಗೂ 'ಹಾಮಿನಿ' ಅನ್ನುತ್ತಾರೆ. ಆ ಪದ ಬಂದಿದ್ದು ವರ್ಜೀನಿಯಾದ ಪೌಹಾಟನ್ ಜನರ ಮಾತಿನಿಂದ.

ಆದರೆ ಈ ಮೆಕ್ಕೆಜೋಳ ಹಡಗು ಹತ್ತಿ ಯುರೋಪಿಗೆ ಹೋದಾಗ ಬೂದಿ ಜೊತೆಗೆ ಹೋಗಲಿಲ್ಲ. ಗಿರಣಿಯ ಕಲ್ಲು ಸಿಪ್ಪೆಯನ್ನೂ ಸೇರಿಸಿ ಪುಡಿ ಮಾಡುತ್ತದೆ, ಮತ್ತೆ ಬೂದಿ ಯಾಕೆ? ಹಾಗಂದುಕೊಳ್ಳುವುದು ಸಹಜ ಅಲ್ವಾ? 1735ರಲ್ಲಿ ಸ್ಪೇನಿನ ಗಾಸ್ಪಾರ್ ಕಸಾಲ್ ಎಂಬ ವೈದ್ಯ, ಹೆಚ್ಚಾಗಿ ಮೆಕ್ಕೆಜೋಳವನ್ನೇ ತಿನ್ನುತ್ತಿದ್ದ ಬಡ ರೈತರಲ್ಲಿ ಒಂದು ವಿಚಿತ್ರ ರೋಗ ಕಂಡ. ಬಿಸಿಲು ಬಿದ್ದ ಕಡೆ ಚರ್ಮ ಕೆಂಪಗಾಗಿ ಸುಲಿಯುತ್ತಿತ್ತು, ಕುತ್ತಿಗೆಯ ಸುತ್ತ ಸರ ಹಾಕಿದಂತೆ ಗುರುತು. ಆಮೇಲೆ ಭೇದಿ, ಬುದ್ಧಿಭ್ರಮಣೆ, ಸಾವು. ಇಟಲಿಯವರು ಅದಕ್ಕೆ ಪೆಲಾಗ್ರಾ ಎಂದು ಹೆಸರಿಟ್ಟರು.

ನನಗೆ ತುಂಬ ನೋವಾಗುವುದು ಮುಂದಿನ ಅಧ್ಯಾಯ ಓದುವಾಗ. ಮೆಕ್ಕೆಜೋಳದ ತವರಾದ ಅಮೆರಿಕ ಖಂಡದಲ್ಲೇ, ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ, 20ನೇ ಶತಮಾನದ ಆರಂಭದಲ್ಲಿ ಈ ರೋಗ ಹಬ್ಬಿತು. ದಕ್ಷಿಣದ ರಾಜ್ಯಗಳಲ್ಲಿ ಜಮೀನುದಾರನ ಹೊಲವನ್ನು ಪಾಲಿಗೆ ಉಳುವ ಕುಟುಂಬಗಳು, ಕಪ್ಪು ಜನರೂ ಬಡ ಬಿಳಿಯರೂ, ಮನೆ ಬಾಗಿಲವರೆಗೆ ಹತ್ತಿ ಬೆಳೆಯಬೇಕಿತ್ತು. ತರಕಾರಿಗೆ, ಹಸುವಿಗೆ ಜಾಗ ಇಲ್ಲ. ಸಾಲದಂಗಡಿಯಿಂದ ಬರುತ್ತಿದ್ದುದು ಮೂರೇ: ಜೋಳದ ಹಿಟ್ಟು, ಹಂದಿ ಕೊಬ್ಬು, ಕಾಕಂಬಿ. ದಿನಾ ಕಾರ್ನ್‌ಬ್ರೆಡ್. ಅದೂ ಹಿಟ್ಟು ಕೆಡದಿರಲಿ ಎಂದು ಗಿರಣಿಯಲ್ಲೇ ಮೊಳಕೆಯ ಭಾಗ ತೆಗೆದ ಜೋಳ. 1940ರವರೆಗೆ ಸುಮಾರು 30 ಲಕ್ಷ ಜನರಿಗೆ ಪೆಲಾಗ್ರಾ ಬಂತು, ಸುಮಾರು 1 ಲಕ್ಷ ಜನ ಸತ್ತರು.

ರೋಗಾಣುವಿನಿಂದಲೇ ಎಂದು ವೈದ್ಯರು ಹಟ ಹಿಡಿದರು. 1914ರಲ್ಲಿ ಸರ್ಕಾರ ಕಳಿಸಿದ ಡಾಕ್ಟರ್ ಜೋಸೆಫ್ ಗೋಲ್ಡ್‌ಬರ್ಗರ್ ಒಂದು ಸರಳ ಸಂಗತಿ ಗಮನಿಸಿದರು. ಹುಚ್ಚಾಸ್ಪತ್ರೆಯ ರೋಗಿಗಳಿಗೆ ಪೆಲಾಗ್ರಾ ಬರುತ್ತದೆ, ಅವರನ್ನು ಮುಟ್ಟಿ ನೋಡಿಕೊಳ್ಳುವ ನರ್ಸುಗಳಿಗೆ ಬರುವುದಿಲ್ಲ! ವ್ಯತ್ಯಾಸ ಇದ್ದದ್ದು ಊಟದಲ್ಲಿ. ಜನ ನಂಬಲಿಲ್ಲ. 1916ರಲ್ಲಿ ಅವರು ರೋಗಿಗಳ ರಕ್ತ ಚುಚ್ಚಿಸಿಕೊಂಡರು, ಅವರ ಚರ್ಮದ ಹೊಪ್ಪಳೆ, ಮಲಮೂತ್ರ ಸೇರಿಸಿ ಉಂಡೆ ಮಾಡಿ ನುಂಗಿದರು. ಹೆಂಡತಿ ಮೇರಿ ಕೂಡ ರಕ್ತ ಚುಚ್ಚಿಸಿಕೊಂಡರು. ಯಾರಿಗೂ ರೋಗ ಬರಲಿಲ್ಲ. ಆದರೂ ಕೊರತೆ ಇದ್ದದ್ದು ನಯಾಸಿನ್ ಎಂಬ ವಿಟಮಿನ್‌ನದು ಎಂದು ಗೊತ್ತಾಗಿದ್ದು 1937ರಲ್ಲಿ, ವಿಸ್ಕಾನ್ಸಿನ್‌ನ ಕಾನ್ರಾಡ್ ಎಲ್ವೆಜೆಮ್ ಅವರಿಂದ. ಗೋಲ್ಡ್‌ಬರ್ಗರ್ 1929ರಲ್ಲೇ ತೀರಿಕೊಂಡಿದ್ದರು.

ಸೋಜಿಗ ಏನೆಂದರೆ ಮೆಕ್ಕೆಜೋಳದಲ್ಲಿ ನಯಾಸಿನ್ ಇದೆ. ಇದ್ದೂ ಸಿಗುವುದಿಲ್ಲ. ನಾಯಿಗೆ ಸಿಕ್ಕ ತೆಂಗಿನಕಾಯಿ ಅಂತಾರಲ್ಲ, ಹಾಗೆ. ಕಾಳಿನ ನಾರಿನಂಥ ಸಕ್ಕರೆ ಸರಪಳಿಗಳಿಗೆ ಅದು ರಾಸಾಯನಿಕವಾಗಿ ಅಂಟಿಕೊಂಡಿರುತ್ತದೆ. ನಮ್ಮ ಹೊಟ್ಟೆಯಲ್ಲಿರುವುದು ಆಮ್ಲ, ಆ ಅಂಟು ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಕ್ಷಾರಕ್ಕೆ ಬಗ್ಗುತ್ತದೆ. ಹಿಂದೆ ಸವಳು ಮಣ್ಣು ಹಾಕಿ ಬಟ್ಟೆ ಬೇಯಿಸುತ್ತಿದ್ದರು. ಬಟ್ಟೆಗೆ ಕಚ್ಚಿದ ಜಿಡ್ಡನ್ನು ಕ್ಷಾರ ಬಿಡಿಸುತ್ತಿತ್ತು. ಸುಣ್ಣ ಅಥವಾ ಬೂದಿ ಜೋಳದೊಳಗೆ ಮಾಡುವುದೂ ಇಂಥದ್ದೇ ಕೆಲಸ. ನಯಾಸಿನ್ ಬಿಡುಗಡೆಯಾಗುತ್ತದೆ. ಹಾಲು, ಮಾಂಸ ತಿನ್ನುವವರಿಗೆ ಇನ್ನೊಂದು ದಾರಿಯೂ ಇದೆ: ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲದಿಂದ ದೇಹವೇ ನಯಾಸಿನ್ ಮಾಡಿಕೊಳ್ಳುತ್ತದೆ, 60 ಮಿಲಿಗ್ರಾಂಗೆ 1 ಮಿಲಿಗ್ರಾಂ ಲೆಕ್ಕದಲ್ಲಿ. ಜೋಳದಲ್ಲಿ ಅದೂ ಕಮ್ಮಿ.

'ನೋಡಿ, ಹಿಂದಿನವರಿಗೆ ವಿಟಮಿನ್ ಗೊತ್ತಿತ್ತು' ಎಂದು ಈ ಕಥೆ ಹೇಳುವವರನ್ನು ಕಂಡರೆ ನನಗೆ ಬೇಜಾರು. ಗೊತ್ತಿರಲಿಲ್ಲ. ಸಿಪ್ಪೆ ಜಾರುತ್ತದೆ, ಹಿಟ್ಟು ಹದವಾಗುತ್ತದೆ, ರುಚಿ ಜಾಸ್ತಿ: ಅವರ ಕೈಗೆ ಗೊತ್ತಿದ್ದದ್ದು ಇಷ್ಟು. ಅಷ್ಟು ಗೊತ್ತಿದ್ದದ್ದೇ ಅವರನ್ನು ಕಾಪಾಡಿತು. ಹಾಗಂತ ಸುಮ್ನೆ ಹಳೇ ಪದ್ಧತಿ ಎಂದು ಬದಿಗಿಟ್ಟವರು ಎಷ್ಟು ದೊಡ್ಡ ಬೆಲೆ ತೆತ್ತರು ಅನ್ನುವುದೂ ನಮ್ಮ ಕಣ್ಣ ಮುಂದಿದೆ.

1940ರ ದಶಕದಿಂದ ಅಮೆರಿಕದಲ್ಲಿ ಹಿಟ್ಟಿಗೆ, ಬ್ರೆಡ್ಡಿಗೆ ನಯಾಸಿನ್ ಬೆರೆಸುತ್ತಾರೆ. ಪೆಲಾಗ್ರಾ ಅಲ್ಲಿ ಈಗ ಅಪರೂಪ. ಅಲ್ಲಿನ ಅಂಗಡಿಯಲ್ಲಿ ಜೋಳದ ಹಿಟ್ಟಿನ ಪ್ಯಾಕೆಟ್ ತಿರುಗಿಸಿದರೆ ಎಷ್ಟೋ ಸಲ ಹಿಂದೆ ನಯಾಸಿನ್ ಎಂದು ಅಚ್ಚಾಗಿರುತ್ತದೆ. ಪಕ್ಕದ ಸಾಲಿನ ಟೋರ್ಟಿಯಾ (ಮೆಕ್ಸಿಕೋದ ಜೋಳದ ರೊಟ್ಟಿ) ಪ್ಯಾಕೆಟ್‌ ಮೇಲೆ ಬರೆದಿರುವುದು ಜೋಳ, ನೀರು, ಸುಣ್ಣ.