ತಾಳ ತಪ್ಪಿದ ಹೃದಯ: ನಾಯಿ, ಆಡು, ಹಂದಿಗಳಿಂದ ನಾವು ಕಲಿತದ್ದು

1909ರಲ್ಲಿ ಬ್ರಿಟನ್ ಸಂಸತ್ತಿನಲ್ಲಿ ಜಿಮ್ಮಿ ಎಂಬ ಬುಲ್‌ಡಾಗ್ ಬಗ್ಗೆ ಪ್ರಶ್ನೆ ಬಂತು. ಲಂಡನ್ನಿನ ರಾಯಲ್ ಸೊಸೈಟಿಯ ಸಮಾರಂಭದಲ್ಲಿ ವಿಜ್ಞಾನಿ ಆಗಸ್ಟಸ್ ವಾಲರ್ ತಮ್ಮ ಸಾಕುನಾಯಿಯ ಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಳಿಸಿ ನಿಲ್ಲಿಸಿದ್ದರು. ಅದರ ಹೃದಯದ ವಿದ್ಯುತ್ತನ್ನು ಉಪಕರಣದಲ್ಲಿ ಜನರಿಗೆ ತೋರಿಸಿದ್ದರು. ಇದು ಹಿಂಸೆಯಲ್ಲವೇ ಎಂದು ಸದಸ್ಯರೊಬ್ಬರು ಕೇಳಿದರು. ಪಾತ್ರೆಯಲ್ಲಿ ಇದ್ದದ್ದು ಅಡುಗೆ ಉಪ್ಪು ಬೆರೆಸಿದ ನೀರು, ಸಮುದ್ರದಲ್ಲಿ ಕಾಲಾಡಿಸಿದವರಿಗೆ ಅದು ಹೇಗಿರುತ್ತದೆಂದು ಗೊತ್ತು ಎಂದು ಗೃಹ ಸಚಿವ ಗ್ಲ್ಯಾಡ್‌ಸ್ಟನ್ ಉತ್ತರ ಕೊಟ್ಟರು.

ಜಿಮ್ಮಿಗೆ ನಿಜಕ್ಕೂ ಏನೂ ಆಗಿರಲಿಲ್ಲ. ಆದರೆ ಹೃದಯದ ಬಡಿತವನ್ನು ಅರಿಯಲು ಬಳಸಿದ ಉಳಿದ ಬಹುತೇಕ ಪ್ರಾಣಿಗಳಿಗೆ ಆ ಅದೃಷ್ಟ ಇರಲಿಲ್ಲ. ಇಂದು ಇಸಿಜಿ, ಎಕೋ, ಎಂಆರ್‌ಐ, ಎದೆಗೆ ಶಾಕ್ ಕೊಡುವ ಯಂತ್ರ ಎಲ್ಲವೂ ನಮಗೆ ಮಾಮೂಲಿ. ಇವುಗಳ ಹಿಂದೆ ಆ ಪ್ರಾಣಿಗಳಿವೆ. ಯಾವ ಪ್ರಾಣಿಯ ಹೃದಯದಲ್ಲಿ ನೋಡಿದರು ಅನ್ನುವುದರ ಮೇಲೆ ಏನು ಕಂಡಿತು ಅನ್ನುವುದು ನಿಂತಿತ್ತು. ಪ್ರಾಣಿ ಪ್ರಯೋಗದ ವಾದ ವಿವಾದಗಳಲ್ಲಿ ಈ ವಿಷಯ ಬರುವುದೇ ಕಮ್ಮಿ.

ಮೊದಲು ಕಾಯಿಲೆಯನ್ನು ನೋಡೋಣ. ತೇರಿನ ಹಗ್ಗವನ್ನು ಎಲ್ಲರೂ ಒಟ್ಟಿಗೆ ಎಳೆದರೆ ತೇರು ಹೊರಡುತ್ತದೆ. ಒಬ್ಬೊಬ್ಬರು ಒಂದೊಂದು ಸಲ ಎಳೆದರೆ ಎಷ್ಟೇ ಬಲ ಹಾಕಿದರೂ ಅದು ನಿಂತಲ್ಲೇ ಇರುತ್ತದೆ. ಫಿಬ್ರಿಲೇಶನ್ ಅಂದರೆ ಇದೇ. ಹೃದಯದ ಸ್ನಾಯು ನಿಂತಿರುವುದಿಲ್ಲ, ಅದುರುತ್ತಲೇ ಇರುತ್ತದೆ, ಆದರೆ ರಕ್ತ ಮುಂದೆ ಹೋಗುವುದಿಲ್ಲ. ಕೆಳಗಿನ ಕೋಣೆಗಳಲ್ಲಿ ಹೀಗಾದರೆ ಕೆಲವೇ ನಿಮಿಷಗಳಲ್ಲಿ ಸಾವು. ಮೇಲಿನ ಕೋಣೆಗಳಲ್ಲಾದರೆ ಮನುಷ್ಯ ಬದುಕುತ್ತಾನೆ, ಆದರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಅಪಾಯ ಜಾಸ್ತಿ.

1850ರ ಹೊತ್ತಿಗೆ ಜರ್ಮನಿಯ ಕಾರ್ಲ್ ಲುಡ್ವಿಗ್ ಅವರ ಪ್ರಯೋಗಾಲಯದಲ್ಲಿ ನಾಯಿಯ ಹೃದಯಕ್ಕೆ ವಿದ್ಯುತ್ ಹಾಯಿಸಿದಾಗ ಈ ಅದುರುವಿಕೆ ಕಂಡಿತ್ತು. ಮನುಷ್ಯರ ಹಠಾತ್ ಸಾವಿಗೂ ಇದೇ ಕಾರಣ ಇರಬೇಕು ಎಂದು 1889ರಲ್ಲಿ ಬರೆದವರು ಸ್ಕಾಟ್ಲೆಂಡಿನ ಜಾನ್ ಮ್ಯಾಕ್‌ವಿಲಿಯಂ. ಆ ಮಾತನ್ನು ಬಹಳ ಕಾಲ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1899ರಲ್ಲಿ ಜಿನೀವಾದ ಪ್ರೆವೋ ಮತ್ತು ಬಟೆಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸಣ್ಣ ವಿದ್ಯುತ್ ನಾಯಿಯ ಹೃದಯವನ್ನು ಅದುರಿಸಿತು, ದೊಡ್ಡ ವಿದ್ಯುತ್ ಅದೇ ಅದುರನ್ನು ನಿಲ್ಲಿಸಿತು. ಇದನ್ನು ಅವರು ಹೆಚ್ಚು ಒತ್ತು ಕೊಡದೆ ಬರೆದಿಟ್ಟರು, ಉಳಿದವರೂ ಮರೆತರು. ಮನುಷ್ಯನ ಹೃದಯವನ್ನು ಈ ರೀತಿ ಉಳಿಸಿದ ಮೊದಲ ಘಟನೆ 1947ರದು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಸರ್ಜನ್ ಕ್ಲಾಡ್ ಬೆಕ್ 14 ವರ್ಷದ ಹುಡುಗನೊಬ್ಬನನ್ನು ಬದುಕಿಸಿದರು. ನಾಯಿಗಳು ಸತ್ತು ಕೊಟ್ಟ ಉತ್ತರ ನಡುವೆ ಸುಮಾರು ಅರ್ಧ ಶತಮಾನ ಸುಮ್ಮನೆ ಬಿದ್ದಿತ್ತು. ಈ ಇತಿಹಾಸದಲ್ಲಿ ನನಗೆ ಅತಿ ಹೆಚ್ಚು ನೋವಾಗುವುದು ಇಲ್ಲೇ.

ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ಕೂಡ ನಾಯಿಯಿಂದಲೇ ಬಂದದ್ದು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವಿಲಿಯಂ ಕೌವೆನ್‌ಹೋವನ್ ಎಲೆಕ್ಟ್ರಿಕಲ್ ಎಂಜಿನಿಯರ್. ಶಾಕ್ ಹೊಡೆದು ಸಾಯುತ್ತಿದ್ದ ಲೈನ್‌ಮ್ಯಾನ್‌ಗಳ ಸಲುವಾಗಿ ಎದೆ ತೆರೆಯದೆ ಶಾಕ್ ಕೊಡುವ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. 1958ರಲ್ಲಿ ಅವರ ವಿದ್ಯಾರ್ಥಿ ಗೈ ನಿಕರ್‌ಬಾಕರ್ ಒಂದು ವಿಚಿತ್ರ ಗಮನಿಸಿದರು. ಶಾಕ್ ಯಂತ್ರದ ಭಾರದ ಪ್ಯಾಡಲ್‌ಗಳನ್ನು ನಾಯಿಯ ಎದೆಯ ಮೇಲೆ ಒತ್ತಿದಾಗಲೇ, ಇನ್ನೂ ಶಾಕ್ ಕೊಡುವ ಮೊದಲೇ, ರಕ್ತದೊತ್ತಡ ಸ್ವಲ್ಪ ಏರುತ್ತಿತ್ತು. ಹಾಗಾದರೆ ಬರೀ ಒತ್ತಿದರೂ ರಕ್ತ ಹರಿಯುತ್ತದೆ! ಸರ್ಜನ್ ಜೇಮ್ಸ್ ಜೂಡ್ ಜತೆಗೂಡಿ 1960ರಲ್ಲಿ ಅವರು ವರದಿ ಪ್ರಕಟಿಸಿದರು. 20 ರೋಗಿಗಳಲ್ಲಿ 14 ಮಂದಿ ಉಳಿದಿದ್ದರು.

ಇದೆಲ್ಲ ನಿಲ್ಲಿಸುವ ದಾರಿ ಆಯಿತು. ಅದುರು ಶುರುವಾಗುವುದು ಯಾಕೆ, ನಿಲ್ಲದೆ ಮುಂದುವರಿಯುವುದು ಯಾಕೆ?

ಜಾರ್ಜ್ ಮೈನ್ಸ್ ಎಂಬ ಯುವ ಇಂಗ್ಲಿಷ್ ವಿಜ್ಞಾನಿ 1913ರಲ್ಲಿ ಆಮೆ, ಮೀನುಗಳ ಹೃದಯದಿಂದ ಉಂಗುರದಂಥ ತುಂಡು ಕತ್ತರಿಸಿ ನೋಡಿದರು. ವಿದ್ಯುತ್ತಿನ ಅಲೆಯೊಂದು ಆ ಉಂಗುರದಲ್ಲಿ ಸುತ್ತುತ್ತಲೇ ಇತ್ತು. ಹೊರಗಿನಿಂದ ಯಾರೂ ತಳ್ಳಬೇಕಿರಲಿಲ್ಲ. ಮರುವರ್ಷ ಕೆನಡಾದ ಮಾಂಟ್ರಿಯಲ್‌ನಲ್ಲಿ, ಕೇವಲ 28ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅದೇ 1914ರಲ್ಲಿ ವಾಲ್ಟರ್ ಗ್ಯಾರಿ ಅದುರುತ್ತಿದ್ದ ಹೃದಯವನ್ನು ತುಂಡು ತುಂಡಾಗಿ ಕತ್ತರಿಸುತ್ತ ಹೋದರು. ದೊಡ್ಡ ತುಂಡು ಅದುರುತ್ತಲೇ ಇತ್ತು. ಒಂದು ಮಿತಿಗಿಂತ ಸಣ್ಣದಾದ ಕೂಡಲೇ ತಾನಾಗಿಯೇ ನಿಂತಿತು. ಅಲೆ ಸುತ್ತಬೇಕಾದರೆ ಜಾಗ ಬೇಕು. ಹೃದಯ ಚಿಕ್ಕದಾದರೆ ಆ ಜಾಗ ಇರುವುದಿಲ್ಲ.

ಈ ಮಾತನ್ನು ನೆನಪಿಟ್ಟುಕೊಂಡು ಇಂದಿನ ಪ್ರಯೋಗಾಲಯ ನೋಡಿ. ಎಲ್ಲಕ್ಕಿಂತ ಜಾಸ್ತಿ ಬಳಸುವುದು ಚಿಕ್ಕ ಇಲಿ (ಮೌಸ್). ಅಗ್ಗ, ಬೇಗ ಮರಿ ಹಾಕುತ್ತದೆ, ವಂಶವಾಹಿ ಬದಲಿಸುವುದು ಸುಲಭ. ಆದರೆ ಇಲಿಯ ಪುಟ್ಟ ಹೃದಯ ನಿಮಿಷಕ್ಕೆ ಸುಮಾರು 600 ಸಲ ಬಡಿಯುತ್ತದೆ, ನಮ್ಮದು 60ರಿಂದ 100. ಪ್ರತಿ ಬಡಿತದ ನಂತರ ನಮ್ಮ ಹೃದಯಕೋಶಗಳು ಮೊದಲಿನ ಸ್ಥಿತಿಗೆ ಮರಳಲು ನೆರವಾಗುವ, ಪೊಟ್ಯಾಸಿಯಂ ಹೊರಹೋಗುವ ಒಂದು ಹಾದಿಗೆ ಬೆಳೆದ ಇಲಿಯಲ್ಲಿ ಹೆಚ್ಚು ಕೆಲಸವೇ ಇಲ್ಲ. ಅಲರ್ಜಿ ಮಾತ್ರೆ ಟರ್ಫೆನಡಿನ್ ಮುಚ್ಚುತ್ತಿದ್ದದ್ದು ಅದೇ ಹಾದಿಯನ್ನು. 1985ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಆ ಮಾತ್ರೆ, ಕೆಲವು ಬೇರೆ ಔಷಧಿಗಳ ಜತೆ ಸೇರಿದಾಗ ಬಡಿತವನ್ನು ಕೆಡಿಸಿ ಜೀವ ತೆಗೆಯಿತು. 1998ರಲ್ಲಿ ಅದು ಮಾರುಕಟ್ಟೆಯಿಂದ ಹೊರಬಿತ್ತು. ಇಂಥ ಅಪಾಯವನ್ನು ಇಲಿ ಮೊದಲೇ ಹೇಳಲಾರದು. ಸುಲಭವಾಗಿ ಸಿಗುತ್ತದೆ ಅನ್ನುವ ಕಾರಣಕ್ಕೆ ತಪ್ಪು ಪ್ರಾಣಿಯನ್ನು ಆರಿಸಿದರೆ ಆ ಪ್ರಾಣಿಯ ಜೀವವೂ ವ್ಯರ್ಥ, ರೋಗಿಗೂ ಅಪಾಯ.

ಸರಿಯಾದ ಪ್ರಾಣಿ ಆರಿಸಿದಾಗ ಏನಾಗುತ್ತದೆ ಅನ್ನುವುದಕ್ಕೆ ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಖ್ಟ್‌ನ ಆಡುಗಳು ಸಾಕ್ಷಿ. ಮೌರಿಟ್ಸ್ ಅಲೆಸಿ ಅವರ ತಂಡ ಆಡುಗಳ ಹೃದಯಕ್ಕೆ ತಂತಿ ಜೋಡಿಸಿ, ಮೇಲಿನ ಕೋಣೆಯ ಅದುರು ನಿಂತಾಗಲೆಲ್ಲ ಮತ್ತೆ ಶುರು ಮಾಡುವ ಯಂತ್ರ ಇಟ್ಟಿತು. ಮೊದಲು ಅದುರು ಕೆಲವೇ ಸೆಕೆಂಡಿನಲ್ಲಿ ತಾನಾಗಿ ನಿಲ್ಲುತ್ತಿತ್ತು. ಸುಮಾರು ಒಂದು ವಾರ ಕಳೆದ ಮೇಲೆ ಬಹುತೇಕ ಆಡುಗಳಲ್ಲಿ ನಿಲ್ಲುವುದನ್ನೇ ಮರೆಯಿತು. ಅಂದರೆ ಅದುರೇ ಅದುರನ್ನು ಬೆಳೆಸುತ್ತದೆ. 1995ರಲ್ಲಿ ಇದು ಪ್ರಕಟವಾದಾಗ ವೈದ್ಯರ ಯೋಚನೆಯೇ ಬದಲಾಯಿತು. ಕಾಯಿಲೆ ಬೇರೂರುವ ಮೊದಲೇ ಬಡಿತವನ್ನು ಸರಿಪಡಿಸಿದರೆ ಒಳ್ಳೆಯದಲ್ವಾ? ಮನುಷ್ಯರಲ್ಲಿ ಇದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು 2020ರಲ್ಲಿ. ಯುರೋಪಿನ 2,789 ರೋಗಿಗಳ ಅಧ್ಯಯನದಲ್ಲಿ, ಬೇಗನೆ ಬಡಿತ ಸರಿಪಡಿಸುವ ಚಿಕಿತ್ಸೆ ಪಡೆದವರಿಗೆ ಪಾರ್ಶ್ವವಾಯು, ಹೃದಯ ಸಂಬಂಧಿ ಸಾವಿನಂಥ ಅಪಾಯಗಳು ಕಮ್ಮಿಯಾದವು.

ಇನ್ನು ಸುತ್ತುವ ವಿದ್ಯುತ್ ಅಲೆಯನ್ನು ಕಣ್ಣಾರೆ ನೋಡುವುದು ಬಹಳ ಕಾಲ ಕಷ್ಟವಾಗಿತ್ತು. ತಂತಿಗಳು ಅಲ್ಲಲ್ಲಿ ಹೇಳಿದ್ದನ್ನು ಜೋಡಿಸಿ ಊಹಿಸುತ್ತಿದ್ದರು. ವಿದ್ಯುತ್ ಹಾದಂತೆ ಹೊಳಪು ಬದಲಿಸುವ ಬಣ್ಣಗಳು ಈ ಕೊರತೆ ತುಂಬಿದವು. 1992ರಲ್ಲಿ ನ್ಯೂಯಾರ್ಕ್ ರಾಜ್ಯದ ಹೊಸೆ ಹಲೀಫೆ ಅವರ ತಂಡ ಕುರಿ ಮತ್ತು ನಾಯಿಯ ಹೃದಯದ ತೆಳು ತುಂಡುಗಳಿಗೆ ಇಂಥ ಬಣ್ಣ ಹಾಕಿ ಕ್ಯಾಮೆರಾ ಹಿಡಿಯಿತು. ಸುರುಳಿ ಅಲೆ ಕಂಡಿತು. ಕೆಲವೊಮ್ಮೆ ಒಂದೇ ಕಡೆ ನಿಂತು ಸುತ್ತುತ್ತಿತ್ತು, ಕೆಲವೊಮ್ಮೆ ಜಾಗ ಬದಲಿಸುತ್ತ ಅಲೆಯುತ್ತಿತ್ತು.

ಆದರೆ ಈ ವಿಧಾನಕ್ಕೆ ಹೃದಯವನ್ನು ಹೊರತೆಗೆಯಲೇಬೇಕು, ಕಾಣುವುದೂ ಮೇಲ್ಮೈ ಮಾತ್ರ. 2018ರಲ್ಲಿ ಜರ್ಮನಿಯ ಗಟ್ಟಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ತಂಡ ಹಂದಿಯ ಹೃದಯಗಳ ಮೇಲೆ ಎರಡು ಕ್ಯಾಮೆರಾ ಕಣ್ಣು ಇಟ್ಟಿತು ಎನ್ನಬಹುದು: ಒಂದು ಬಣ್ಣದ ಬೆಳಕು, ಇನ್ನೊಂದು ಮೂರು ಆಯಾಮದ ಅಲ್ಟ್ರಾಸೌಂಡ್. ವಿದ್ಯುತ್ ಸುತ್ತುವ ಕಡೆ ಸ್ನಾಯುವೂ ಸುಳಿಯಂತೆ ತಿರುಚಿಕೊಳ್ಳುತ್ತಿತ್ತು, ಅದು ಗೋಡೆಯ ಆಳದಲ್ಲೂ ಅಲ್ಟ್ರಾಸೌಂಡಿಗೆ ಕಂಡಿತು. ಅಲ್ಟ್ರಾಸೌಂಡ್ ಯಂತ್ರ ನಮ್ಮ ತಾಲ್ಲೂಕು ಊರುಗಳಲ್ಲೂ ಇರುತ್ತದೆ. ಪ್ರಾಣಿಯ ಹೃದಯ ಹೊರತೆಗೆದು ಮಾತ್ರ ನೋಡಬಹುದಾಗಿದ್ದನ್ನು ಮುಂದೆ ರೋಗಿಯಲ್ಲೇ, ನೋವಿಲ್ಲದೆ ನೋಡುವ ದಾರಿ ಇದು ಎಂಬುದು ನನ್ನ ನಂಬಿಕೆ.

ಎಂಆರ್‌ಐ ವಿಷಯದಲ್ಲಿ ಇದು ಆಗಲೇ ಆಗಿದೆ. 1999ರಲ್ಲಿ ಶಿಕಾಗೋದ ರೇಮಂಡ್ ಕಿಮ್, ರಾಬರ್ಟ್ ಜಡ್ ತಂಡ ನಾಯಿಗಳಿಗೆ ಚಿತ್ರ ಎದ್ದು ಕಾಣುವಂತೆ ಮಾಡುವ ಗ್ಯಾಡೊಲಿನಿಯಂ ಎಂಬ ಪದಾರ್ಥ ಕೊಟ್ಟು ಎಂಆರ್‌ಐ ಮಾಡಿತು. ನಂತರ ಹೃದಯವನ್ನು ಪದರ ಪದರವಾಗಿ ಕತ್ತರಿಸಿ ಹೋಲಿಸಿತು. ಚಿತ್ರದಲ್ಲಿ ಬೆಳ್ಳಗೆ ಹೊಳೆಯುವ ಭಾಗ ಸತ್ತ ಸ್ನಾಯು ಎಂಬುದು ಖಾತ್ರಿಯಾಯಿತು. ಇಂದು ಹಾರ್ಟ್ ಅಟ್ಯಾಕ್ ಆದವರ ಹೃದಯದಲ್ಲಿ ಗಾಯದ ಕಲೆ ಎಲ್ಲಿದೆ ಎಂದು ವೈದ್ಯರು ನೋಡುವುದು ಇದೇ ವಿಧಾನದಿಂದ. ಅಪಾಯಕಾರಿ ಅಲೆಗಳು ಹೆಚ್ಚಾಗಿ ಸುತ್ತುವುದು ಈ ಕಲೆಗಳ ಸುತ್ತ.

ಪ್ರಾಣಿ ಪ್ರಯೋಗದ ಕಾನೂನು ನಿಧಾನವಾಗಿ ಇದರ ಹಿಂದೆಯೇ ಬಂತು. ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕೆಳಗೆ ಪ್ರಯೋಗಗಳ ಮೇಲೆ ಕಣ್ಣಿಡುವ ಸಮಿತಿ ಇದೆ. ನಾಯಿಯಂಥ ದೊಡ್ಡ ಪ್ರಾಣಿ ಬಳಸಲು ಅದರ ಒಪ್ಪಿಗೆ ಬೇಕು. 2022ರ ಕೊನೆಗೆ ಅಮೆರಿಕ, 2023ರ ಮಾರ್ಚ್‌ನಲ್ಲಿ ಭಾರತ, ಹೊಸ ಔಷಧಿ ಪರೀಕ್ಷೆಗೆ ಪ್ರಾಣಿಯ ಬದಲು ಕೋಶ, ಕೋಶಗಳನ್ನು ಬೆಳೆಸಿದ ಚಿಪ್, ಕಂಪ್ಯೂಟರ್ ವಿಧಾನಗಳಿಗೂ ಅವಕಾಶ ಕೊಟ್ಟವು. ಇದು ಬರಬೇಕಿದ್ದ ಬದಲಾವಣೆ. ಔಷಧಿಯೊಂದು ಹೃದಯಕೋಶಕ್ಕೆ ಏನು ಮಾಡುತ್ತದೆ ಎಂದು ನೋಡಲು ಮನುಷ್ಯನ ಕಾಂಡಕೋಶದಿಂದ ಬೆಳೆಸಿದ ಕೋಶಗಳು ಇಲಿಗಿಂತ ಒಳ್ಳೆಯವು.

ಆದರೆ ಫಿಬ್ರಿಲೇಶನ್ ವಿಷಯದಲ್ಲಿ ಗ್ಯಾರಿ ಕಂಡ ಮಿತಿ ಇನ್ನೂ ಎದುರಿಗಿದೆ. ಚಿಪ್ ಮೇಲಿನ ಪುಟ್ಟ ಹೃದಯದಲ್ಲಿ ಅಲೆ ಸುತ್ತುವಷ್ಟು ಜಾಗ ಇಲ್ಲ. ಇಡೀ ಹೃದಯವನ್ನು ಕಂಪ್ಯೂಟರಿನಲ್ಲಿ ಕಟ್ಟಿದರೆ ಆ ತೊಂದರೆ ಇರುವುದಿಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಭೌತವಿಜ್ಞಾನಿ ರಾಹುಲ್ ಪಂಡಿತ್ ಅವರ ತಂಡ ಬಹಳ ವರ್ಷಗಳಿಂದ ಈ ಕೆಲಸ ಮಾಡಿದೆ. ಅಲೆಯ ದಾರಿಯಲ್ಲಿರುವ, ಗಾಯದ ಕಲೆಯಂಥ ಅಡ್ಡಿ ಸ್ವಲ್ಪ ಜರುಗಿದರೂ ಅಲೆಯ ಗತಿಯೇ ಬದಲಾಗುತ್ತದೆ ಎಂದು ಅವರ ಲೆಕ್ಕಗಳು ತೋರಿಸಿವೆ. ಒಂದು ಜಾಗದಲ್ಲಿದ್ದರೆ ಅಲೆ ಅದಕ್ಕೆ ಅಂಟಿ ಸುತ್ತುತ್ತದೆ, ಇನ್ನೊಂದು ಜಾಗದಲ್ಲಿದ್ದರೆ ಒಡೆದು ಚೂರಾಗುತ್ತದೆ, ಮತ್ತೊಂದು ಕಡೆ ಇದ್ದರೆ ಅಳಿದೇ ಹೋಗುತ್ತದೆ. ಹಾಗಾಗಿ ಒಬ್ಬ ರೋಗಿಯ ಕಲೆಯ ಬಗ್ಗೆ ಇನ್ನೊಂದು ಹೃದಯ ನೋಡಿ ಹೇಳುವುದು ಕಷ್ಟ. ಜಾನ್ಸ್ ಹಾಪ್‌ಕಿನ್ಸ್‌ನ ನತಾಲಿಯಾ ಟ್ರಯನೋವಾ ಅವರ ತಂಡ ಹಿಡಿದಿರುವ ದಾರಿ ಅದಕ್ಕೇ ಮುಖ್ಯ ಅನ್ನಿಸುತ್ತದೆ. ರೋಗಿಯ ಎಂಆರ್‌ಐನಿಂದಲೇ ಕಂಪ್ಯೂಟರಿನಲ್ಲಿ ಅವರ ಹೃದಯ ಕಟ್ಟಿ, ಸ್ನಾಯುವನ್ನು ಎಲ್ಲಿ ಸ್ವಲ್ಪ ಸುಟ್ಟರೆ ಅಲೆ ನಿಲ್ಲುತ್ತದೆ ಎಂದು ಮೊದಲೇ ಲೆಕ್ಕ ಹಾಕುತ್ತಾರೆ. 2018ರ ವರದಿಯಲ್ಲಿ 5 ರೋಗಿಗಳಿಗೆ ಆ ಲೆಕ್ಕದ ಪ್ರಕಾರ ಚಿಕಿತ್ಸೆ ನಡೆದಿತ್ತು.