ಎಷ್ಟು ತಿಕ್ಕಿದರೂ ವೀಲ್ ಲಿಪ್ ಹೊಳೀವಲ್ದು, ಯಾಕ?

ಓದುಗರ ಪ್ರಶ್ನೆ: ಹಳೇ ತ್ರೀ-ಪೀಸ್ ಅಲಾಯ್ ವೀಲ್ ನಾಕು ತಗೊಂಡೀನ್ರಿ. ಹೊರಗಿನ ಲಿಪ್ ಮಬ್ಬಾಗೇತಿ, ಅಲ್ಲಲ್ಲಿ ಹುಳ ಹರದಂಗ ಬಿಳಿ ಗೆರಿ ಎದ್ದಾವ. ಮೆಟಲ್ ಪಾಲಿಶ್ ಹಚ್ಚಿ ಕೈ ಸೋಲೂಮಟ ತಿಕ್ಕಿದರೂ ಹೊಳೀವಲ್ದು. ಬೋಲ್ಟ್ ಬಿಚ್ಚಿ ಮಾಡಬೇಕೋ, ಹಂಗೇ ಮಾಡಬಹುದೋ? ಮನ್ಯಾಗ ಆಗೂ ಕೆಲಸ ಏನ್ರಿ ಇದು? (ಹುಬ್ಬಳ್ಳಿಯಿಂದ)

ಆಗುವ ಕೆಲಸವೇ. ಹೊಳಪು ಬಾರದ್ದಕ್ಕೆ ನಿಮ್ಮ ಕೈಯನ್ನೂ ದೂರಬೇಡಿ, ಪಾಲಿಶನ್ನೂ ದೂರಬೇಡಿ. ನೀವು ಇಷ್ಟು ಹೊತ್ತು ತಿಕ್ಕಿದ್ದು ಅಲ್ಯೂಮಿನಿಯಂ ಅಲ್ಲ, ಅದರ ಮೇಲಿರುವ ಲೇಪ. ಅದು ಕ್ಲಿಯರ್ ಲ್ಯಾಕರ್ (ಬಣ್ಣವಿಲ್ಲದ ಪಾರದರ್ಶಕ ಪೇಂಟ್) ಇರಬಹುದು, ಆನೊಡೈಸಿಂಗ್ (ಲೋಹದ ಮೇಲ್ಮೈಯಿಂದಲೇ ಮಾಡಿದ ಗಟ್ಟಿ ಪದರ) ಇರಬಹುದು. ಯಾವುದೆಂದು ಗೊತ್ತಾಗುವವರೆಗೆ ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಉಜ್ಜುಕಾಗದ) ಮುಟ್ಟಬೇಡಿ. ಬೋಲ್ಟಿಗೆ ಪಾನಾ ಹಾಕುವ ಮಾತು ಅದಕ್ಕಿಂತಲೂ ಆಮೇಲಿನದು.

ಅದಕ್ಕೂ ಮೊದಲು ವೀಲನ್ನು ಬೋರಲು ಹಾಕಿ ಹಿಂಭಾಗ ನೋಡಿ. ನಿಜವಾದ ತ್ರೀ-ಪೀಸ್‌ನಲ್ಲಿ ನಡುವಿನ ಸೆಂಟರ್, ಹೊರಗಿನ ಅಂಚಾದ ಲಿಪ್, ಒಳಬದಿಯ ಕೊಳವೆಯಂಥ ಬ್ಯಾರಲ್ ಮೂರೂ ಬೇರೆ ಬೇರೆ. ಸುತ್ತಲಿನ ಸಣ್ಣ ಬೋಲ್ಟ್‌ಗಳು ಅವನ್ನು ಒಂದಾಗಿ ಹಿಡಿದಿರುತ್ತವೆ. ಟೂ-ಪೀಸ್‌ನಲ್ಲಿ ಲಿಪ್ ಮತ್ತು ಬ್ಯಾರಲ್ ಒಂದೇ ತುಂಡು. ಹಿಂಭಾಗದಲ್ಲಿ ಬೋಲ್ಟಿನ ತುದಿಯೋ ನಟ್ಟೋ ಕಂಡರೆ ಬೋಲ್ಟ್ ಅಸಲಿ. ಏನೂ ಕಾಣದಿದ್ದರೆ ಅವು ಅಂದಕ್ಕೆ ಅಂಟಿಸಿದ ತಲೆಗಳಾಗಿರುವ ಸಾಧ್ಯತೆಯೇ ಹೆಚ್ಚು. ನಮ್ಮ ಪೇಟೆಯಲ್ಲಿ ‘ರಿವೆಟ್ ವೀಲ್’ ಎಂದು ಮಾರುವ ಎಷ್ಟೋ ವೀಲ್‌ಗಳು ಒಂದೇ ತುಂಡಿನ ಎರಕ. ಸೆಂಟರ್ ಮತ್ತು ಬ್ಯಾರಲ್ ಸೇರುವಲ್ಲಿ ಸುತ್ತಲೂ ವೆಲ್ಡಿಂಗ್ ಕಂಡರೆ ಬಿಚ್ಚುವ ವಿಚಾರವನ್ನೇ ಬಿಡಿ.

ಲೇಪದ ಪರೀಕ್ಷೆಗೆ ಎಲೆಕ್ಟ್ರಿಷಿಯನ್ನರ ಮಲ್ಟಿಮೀಟರ್ ಸಾಕು. ಬೀಪ್ ಸದ್ದಿನ ಕಂಟಿನ್ಯೂಟಿಗೆ ಇಟ್ಟು ಎರಡೂ ಕಡ್ಡಿಗಳನ್ನು ಲಿಪ್ ಮೇಲೆ ಒಂದಿಂಚು ಅಂತರದಲ್ಲಿ ಹಗುರವಾಗಿ ಮುಟ್ಟಿಸಿ. ಬೀಪ್ ಬಂದರೆ ಬರೀ ಲೋಹ. ಬರದಿದ್ದರೆ ಮೇಲೆ ಲೇಪವಿದೆ, ಯಾಕೆಂದರೆ ಲ್ಯಾಕರ್ ಆಗಲಿ ಆನೊಡೈಸಿಂಗ್ ಆಗಲಿ ಕರೆಂಟ್ ಹಾಯಿಸುವುದಿಲ್ಲ. ಪಾಲಿಶ್ ಹಚ್ಚಿದ ಅರಿವೆಯೂ ಇದನ್ನೇ ಹೇಳುತ್ತದೆ: ಬರೀ ಅಲ್ಯೂಮಿನಿಯಂ ತಿಕ್ಕಿದರೆ ಅರಿವೆ ಕ್ಷಣದಲ್ಲಿ ಕರ್ರಗಾಗುತ್ತದೆ, ಲೇಪ ತಿಕ್ಕಿದರೆ ಆಗುವುದಿಲ್ಲ.

ಲೇಪವಿದೆ ಎಂದಾದರೆ ಕಣ್ಣಿಗೆ ಬೀಳದ ಕಡೆ ಹೆಬ್ಬೆರಳಗಲ ಜಾಗಕ್ಕೆ ಪೇಂಟ್ ರಿಮೂವರ್ ಹಚ್ಚಿ 20 ನಿಮಿಷ ಬಿಡಿ. ಸುಕ್ಕುಗಟ್ಟಿ ಗುಳ್ಳೆ ಎದ್ದರೆ ಲ್ಯಾಕರ್. ಏನೂ ಆಗದಿದ್ದರೆ ಆನೊಡೈಸಿಂಗ್ ಇರುವ ಸಾಧ್ಯತೆಯೇ ಹೆಚ್ಚು. ನೀವು ಹೇಳಿದ ಬಿಳಿ ಗೆರೆಗಳನ್ನು ನೋಡಿದರೆ ಲ್ಯಾಕರ್ ಅನ್ನಿಸುತ್ತದೆ. ಕಲ್ಲು ಸಿಡಿದೋ ಕರ್ಬ್‌ಗೆ (ಫುಟ್‌ಪಾತಿನ ಅಂಚುಗಲ್ಲು) ತಾಗಿಯೋ ಲ್ಯಾಕರಿನಲ್ಲಿ ಸಣ್ಣ ಬಿರುಕು ಬಿಟ್ಟಿತೆಂದರೆ ಅಲ್ಲಿಂದ ತೇವ ಒಳಹೊಕ್ಕು, ಲೇಪದ ಅಡಿಯಲ್ಲೇ ಅಲ್ಯೂಮಿನಿಯಂ ತಿನ್ನುತ್ತ ದಾರಿ ಮಾಡಿಕೊಳ್ಳುತ್ತದೆ. ಉಪ್ಪು ಇದಕ್ಕೆ ಇನ್ನಷ್ಟು ದಾರಿ ಕೊಡುತ್ತದೆ. ಅಂಕೋಲಾ ಕಡೆಗೋ ಗೋಕರ್ಣಕ್ಕೋ ಆಗಾಗ ಹೋಗಿ ಬರುವ ಗಾಡಿಗಳ ವೀಲ್ ಬೇಗ ಕೆಡುವುದು ಅದಕ್ಕೇ.

ಇನ್ನು ಬಿಚ್ಚಬೇಕೇ ಎನ್ನುವ ಪ್ರಶ್ನೆ. ಬರೀ ಹೊಳಪಿಗಾಗಿ ಬಿಚ್ಚುವುದು ಬೇಡದ ಉಸಾಬರಿ. ತ್ರೀ-ಪೀಸ್‌ನಲ್ಲಿ ಗಾಳಿ ನಿಲ್ಲುವುದೇ ಲಿಪ್ ಮತ್ತು ಬ್ಯಾರಲ್ ಎಂಬ ಎರಡು ಅರ್ಧಗಳ ಜೋಡಣೆಗೆ ಬಳಿದ, ಸಂದಿ ಮುಚ್ಚುವ ಸೀಲಂಟ್‌ನಿಂದ (ಕೆಲವದರಲ್ಲಿ ಓ-ರಿಂಗ್ ಎಂಬ ರಬ್ಬರ್ ಬಳೆ ಇರುತ್ತದೆ). ಬೋಲ್ಟ್ ಸಡಿಲಿಸಿದರೆ ಆ ಸೀಲ್ ಹೋದ ಹಾಗೆಯೇ ಲೆಕ್ಕ. ಜೋಡಣೆಯಲ್ಲಿ ಗಾಳಿ ಸೋರುತ್ತಿದ್ದರೆ, ಲಿಪ್ ಮತ್ತು ಸೆಂಟರ್ ನಡುವಿನಿಂದ ಬಿಳಿ ಪುಡಿ ಉದುರುತ್ತಿದ್ದರೆ, ಲಿಪ್ ಸೊಟ್ಟಾಗಿ ಬದಲಿಸಬೇಕಿದ್ದರೆ, ಅಥವಾ ಸೆಂಟರಿಗೆ ಪೂರ್ತಿ ಹೊಸ ಬಣ್ಣ ಹೊಡೆಯಬೇಕಿದ್ದರೆ ಮಾತ್ರ ಬಿಚ್ಚಿ. ಟೈರನ್ನಂತೂ ಎರಡೂ ಸಂದರ್ಭದಲ್ಲಿ ತೆಗೆಸಲೇಬೇಕು. ಟೈರ್ ಇದ್ದರೆ ಲಿಪ್ಪಿನ ಅಂಚು ಕೈಗೆ ಸಿಗುವುದಿಲ್ಲ.

ಲ್ಯಾಕರ್ ತೆಗೆಯುವುದು ಸುಲಭ. ಜೆಲ್ ರೂಪದ ಪೇಂಟ್ ರಿಮೂವರ್ ದಪ್ಪಗೆ ಹಚ್ಚಿ, ಒಣಗದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ. ಸೆಂಟರಿನ ಬಣ್ಣ ಉಳಿಯಬೇಕಿದ್ದರೆ ಅದನ್ನು ಟೇಪ್ ಹಾಕಿ ಮುಚ್ಚಿಕೊಳ್ಳಿ. ಗಾಳಿಯಾಡುವ ಕಡೆ ಕೆಲಸ ಮಾಡಿ, ಮಾಮೂಲಿ ತೆಳು ಕೈಗವಸನ್ನು ಇದು ಕರಗಿಸುತ್ತದೆ.

ಆನೊಡೈಸಿಂಗ್ ಹಟಮಾರಿ. ಅದು ಬಣ್ಣವಲ್ಲ, ಲೋಹದ ಮೇಲ್ಮೈಯನ್ನೇ ಅಲ್ಯೂಮಿನಿಯಂ ಆಕ್ಸೈಡ್ ಆಗಿ ಬದಲಿಸಿ ಮಾಡಿದ ಪದರ. ಪಾಲಿಶ್ ಪೇಸ್ಟಿನಲ್ಲಿ ಉಜ್ಜುವ ಪುಡಿಯೂ ಬಹುಪಾಲು ಅದೇ ಆಕ್ಸೈಡ್, ಹಾಗಾಗಿ ಒಂದನ್ನೊಂದು ಕೊಯ್ಯುವುದಿಲ್ಲ. ಕೊಯ್ಯುವುದು ಕಪ್ಪು ಬಣ್ಣದ ಸಿಲಿಕಾನ್ ಕಾರ್ಬೈಡ್ ವಾಟರ್ ಪೇಪರ್. ವೀಲ್ ಬಿಚ್ಚಿಲ್ಲದಿದ್ದರೆ 320 ನಂಬರಿನಿಂದ (ನಂಬರ್ ಹೆಚ್ಚಾದಷ್ಟೂ ಪೇಪರ್ ನಯ) ತಿಕ್ಕುವುದೊಂದೇ ದಾರಿ, ತಾಳ್ಮೆ ಬೇಕು.

ಬಿಚ್ಚಿದ ಲಿಪ್ ಆದರೆ ಕಾಸ್ಟಿಕ್ ಸೋಡಾ ಬಳಸಬಹುದು: 1 ಲೀಟರ್ ತಣ್ಣೀರಿಗೆ 50 ಗ್ರಾಂ, ಪ್ಲಾಸ್ಟಿಕ್ ಟಬ್‌ನಲ್ಲಿ. ನೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಮೊದಲು ಏನೂ ಆಗದಂತೆ ಕಾಣುತ್ತದೆ. ಎಲ್ಲ ಕಡೆ ಸಮನಾಗಿ ಗುಳ್ಳೆ ಏಳತೊಡಗಿತೆಂದರೆ ಪದರ ಹೋಗಿ ಬರೀ ಲೋಹ ಕರಗುತ್ತಿದೆ ಎಂದರ್ಥ. ಆ ಕ್ಷಣವೇ ಎತ್ತಿ ಧಾರಾಳ ನೀರಿನಲ್ಲಿ ತೊಳೆಯಿರಿ, ಕೊನೆಗೆ ನೀರು ಬೆರೆಸಿದ ವಿನೆಗರ್ ಸವರಿ ಮತ್ತೆ ತೊಳೆಯಿರಿ. ಇನ್ನೂ ಬಿಟ್ಟರೆ ಮೇಲ್ಮೈಯಲ್ಲಿ ಗುಳಿ ಬೀಳುತ್ತವೆ. ಏಳುವ ಗುಳ್ಳೆ ಹೈಡ್ರೋಜನ್, ಹತ್ತಿರದಲ್ಲಿ ಬೀಡಿ, ಬೆಂಕಿ ಬೇಡ. ರಬ್ಬರ್ ಗವಸು, ಕಣ್ಣಿಗೆ ಮುಚ್ಚುಗನ್ನಡಕ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು. ಜೋಡಿಸಿದ ವೀಲಿಗಂತೂ ಕಾಸ್ಟಿಕ್ ತಾಗಿಸಬೇಡಿ. ಅದು ಬೋಲ್ಟಿನ ಸಂದಿಗೆ ಇಳಿದು ಒಳಗೇ ಕೂತು ತಿನ್ನುತ್ತದೆ.

ಲೇಪ ಹೋದ ಮೇಲೆ ಬಿರುಕು ಹುಡುಕಿ. ಬೋಲ್ಟ್ ತೂತುಗಳ ಸುತ್ತ, ಲಿಪ್ ಬಾಗುವಲ್ಲಿ ಭೂತಗನ್ನಡಿ ಹಿಡಿದು ನೋಡಿ. ಅನುಮಾನ ಬಂದರೆ ಡೈ ಪೆನೆಟ್ರಂಟ್ ಸ್ಪ್ರೇ ಹೊಡೆಯಿರಿ: ಕೆಂಪು ದ್ರವ ಬಿರುಕಿಗಿಳಿಯುತ್ತದೆ, ಮೇಲಿನದನ್ನು ಒರೆಸಿ ಬಿಳಿ ಡೆವಲಪರ್ ಹೊಡೆದರೆ ಕೆಂಪು ಗೆರೆ ಮೇಲೆದ್ದು ಕಾಣುತ್ತದೆ. ಬಿರುಕಿರುವ ಲಿಪ್ಪನ್ನು ಪಾಲಿಶ್ ಮಾಡುವುದರಲ್ಲಿ ಅರ್ಥವಿಲ್ಲ, ಅದನ್ನು ಬದಲಿಸಬೇಕು. ಕೆಟ್ಟ ತುಂಡೊಂದನ್ನೇ ಬದಲಿಸಬಹುದು ಎನ್ನುವುದೇ ಈ ಬಗೆಯ ವೀಲಿನ ದೊಡ್ಡ ಅನುಕೂಲ.

ಇನ್ನು ನಿಜವಾದ ದುಡಿಮೆ. ಕರ್ಬ್ ತಾಗಿದ ಏರುಗಳನ್ನು ನಯ ಅರದಿಂದ ಸಮ ಮಾಡಿ 180ರಿಂದ ಶುರುಮಾಡಿ. ಗಾಯವಿಲ್ಲದಿದ್ದರೆ 320 ಸಾಕು. ಆಮೇಲೆ 400, 600, 800, 1000, 1500, 2000. ಒಂದು ಮಿಲಿಮೀಟರಿಗಿಂತ ಆಳದ ಗಾಯವನ್ನು ಪೂರ್ತಿ ತೆಗೆಯಲು ಹೋಗಬೇಡಿ, ಲಿಪ್ ತೆಳುವಾಗುತ್ತದೆ. ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿದರೆ ಪೇಪರ್ ಕಟ್ಟಿಕೊಳ್ಳುವುದಿಲ್ಲ. ಬೆರಳಿನಿಂದ ಒತ್ತಿ ತಿಕ್ಕಿದರೆ ಅಲೆ ಬೀಳುತ್ತದೆ; ಪೇಪರನ್ನು ಮೆತ್ತನೆಯ ರಬ್ಬರ್ ತುಂಡಿಗೆ ಸುತ್ತಿಕೊಳ್ಳಿ.

ಒಂದು ನಂಬರನ್ನು ಲಿಪ್ಪಿನ ಸುತ್ತಳತೆಯ ಉದ್ದಕ್ಕೆ ತಿಕ್ಕಿದರೆ ಮುಂದಿನದನ್ನು ಓರೆಯಾಗಿ ತಿಕ್ಕಿ. ಹಿಂದಿನ ನಂಬರಿನ ಗೆರೆ ಒಂದಾದರೂ ಉಳಿದಿದ್ದರೆ ದಿಕ್ಕು ಬೇರೆಯಾದ್ದರಿಂದ ಎದ್ದು ಕಾಣುತ್ತದೆ. ಅದು ಅಳಿಯುವವರೆಗೆ ಮುಂದಕ್ಕೆ ಹೋಗಬಾರದು. ಹೆಚ್ಚಿನವರ ಕೆಲಸ ಕೆಡುವುದು ಇಲ್ಲೇ: 400ರಿಂದ ಸೀದಾ 1000ಕ್ಕೆ ಹಾರುತ್ತಾರೆ, ಬಫಿಂಗ್ (ತಿರುಗುವ ಬಟ್ಟೆಯ ಗಾಲಿಯಿಂದ ಹೊಳಪು ಕೊಡುವುದು) ಮಾಡಿದ ಮೇಲೆ ಬಿಸಿಲಿಗೆ ಹಿಡಿದಾಗ ಹಳೇ ಗೆರೆಗಳೆಲ್ಲ ಹೊಳೆಯುತ್ತ ಎದುರಾಗುತ್ತವೆ. ಆಗ ಮತ್ತೆ 400ರಿಂದಲೇ ಶುರು. ಕೊನೆಯ 2000ವನ್ನು ಸುತ್ತಳತೆಯ ಉದ್ದಕ್ಕೇ ಮುಗಿಸಿ. ಪ್ರತಿ ನಂಬರಿಗೂ ಬಕೆಟ್ ನೀರು ಬದಲಿಸಿ, ವೀಲ್ ತೊಳೆಯಿರಿ. ಗದಗ ಕಡೆಯ ಗಾಳಿಗೆ ಅಂಗಳದಲ್ಲಿ ಕೂತು ಈ ಕೆಲಸ ಮಾಡಿದರೆ ಹಾರಿ ಬಂದ ಒಂದು ಮರಳಿನ ಕಣ ಅರ್ಧ ತಾಸಿನ ಶ್ರಮ ನುಂಗುತ್ತದೆ. ಬಾಗಿಲು ಹಾಕಿಕೊಂಡು ಮಾಡುವುದೇ ಒಳ್ಳೆಯದು. ಕೈಯಿಂದ ಮಾಡಿದರೆ ಒಂದು ಲಿಪ್ಪಿಗೆ ಅರ್ಧ ದಿನ ಹಿಡಿದುಕೊಳ್ಳಿ.

ಕಾರನ್ನು ಜಾಕ್ ಮೇಲೆ ಎತ್ತಿ, ಗೇರ್ ಹಾಕಿ, ತಿರುಗುವ ವೀಲಿಗೆ ಪೇಪರ್ ಹಿಡಿಯುವವರಿದ್ದಾರೆ. ಜಾಕ್ ಜಾರಿದರೆ ಗಾಡಿ ಮೈಮೇಲೆ. ಬೇಡವೇ ಬೇಡ.

ಬಫಿಂಗಿಗೆ ವೇಗ ತಗ್ಗಿಸಲು ಬರುವ ಪಾಲಿಶರ್ ಅಥವಾ ಡ್ರಿಲ್ ಇರಲಿ, 2000ದಿಂದ 3000 ಆರ್‌ಪಿಎಂ ಸಾಕು. ಮಾಮೂಲಿ ನಾಲ್ಕಿಂಚಿನ ಗ್ರೈಂಡರ್ 11,000ದ ಹತ್ತಿರ ತಿರುಗುತ್ತದೆ. ಸೋಪು (ಬಫ್‌ಗೆ ಹಚ್ಚುವ ಪಾಲಿಶ್ ಕಟ್ಟಿ) ಸುಟ್ಟು ಕಪ್ಪು ಕಲೆ ಕೂರುತ್ತದೆ, ಅಂಚಿಗೆ ಸಿಕ್ಕರೆ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಮೊದಲು ಸೈಸಲ್ (ಒರಟು ನಾರಿನ) ಬಫ್‌ಗೆ ಕಂದು ಸೋಪು, ಆಮೇಲೆ ಹೊಸ ಕಾಟನ್ ಬಫ್‌ಗೆ ಬಿಳಿ ಸೋಪು. ಒಂದಕ್ಕೆ ಹಚ್ಚಿದ ಬಫ್ ಇನ್ನೊಂದಕ್ಕೆ ಬಳಸಬೇಡಿ. ಒಂದೇ ಕಡೆ ನಿಲ್ಲಿಸದೆ ಸರಿಸುತ್ತಿರಿ. ಉಳಿಯುವ ಕಪ್ಪು ಜಿಡ್ಡಿಗೆ ಒಂದಿಷ್ಟು ಮೈದಾ ಉದುರಿಸಿ ಮೆತ್ತನೆ ಅರಿವೆಯಿಂದ ಒರೆಸಿದರೆ ಹಿಟ್ಟು ಎಣ್ಣೆ ಹೀರಿಕೊಂಡು ಬರುತ್ತದೆ. ಕೊನೆಯ ಕೈ ಮೆಟಲ್ ಪಾಲಿಶ್. ಮುಖಕ್ಕೆ ಮಾಸ್ಕ್ ಇರಲಿ. ಅಲ್ಯೂಮಿನಿಯಂ ಧೂಳು ಬಿದ್ದ ಕಡೆ ಕಬ್ಬಿಣ ಗ್ರೈಂಡ್ ಮಾಡಬೇಡಿ, ಕಿಡಿಗೆ ಹೊತ್ತಿಕೊಳ್ಳುತ್ತದೆ.

ಬಿಚ್ಚಲೇಬೇಕಾದವರಿಗೆ ಇಷ್ಟು. ಮೊದಲು ಮೂರೂ ತುಂಡುಗಳ ಮೇಲೆ, ವಾಲ್ವ್ ತೂತಿನ ನೇರಕ್ಕೆ, ಮಾರ್ಕರಿನಿಂದ ಗುರುತು ಹಾಕಿ. ಬೋಲ್ಟ್ ತಲೆ ಸಾಮಾನ್ಯವಾಗಿ 12 ಮೂಲೆಯದು, ಅದಕ್ಕೆ ತಕ್ಕ ಸಾಕೆಟ್ಟೇ ಬೇಕು. ನಟ್ಟು ಇರುವ ವೀಲಿನಲ್ಲಿ ಬೋಲ್ಟ್ ತಲೆಯನ್ನು ಹಿಡಿದು ನಟ್ಟನ್ನು ತಿರುಗಿಸಿ, ತಲೆ ಕೆಡುವುದಿಲ್ಲ. ಇಂಪ್ಯಾಕ್ಟ್ ಗನ್ ದೂರವಿಡಿ. ಬಿಗಿದುಕೊಂಡಿದ್ದರೆ ಹೀಟ್ ಗನ್ ಹಿಡಿಯಬಹುದು, ಆದರೆ 150 ಡಿಗ್ರಿ ದಾಟಿದರೆ ಹದ ಮಾಡಿದ ಅಲ್ಯೂಮಿನಿಯಂ ಬಲ ಕಳೆದುಕೊಳ್ಳತೊಡಗುತ್ತದೆ. ಗ್ಯಾಸ್ ಟಾರ್ಚ್ ಬೇಡ. ಹಲವು ಹಳೇ ವೀಲ್‌ಗಳಲ್ಲಿ ಎಂ7 ಬೋಲ್ಟ್ ಇರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು ಎಂ6, ಎಂ8. ಸಿಗಲಿಲ್ಲವೆಂದು ತೂತು ದೊಡ್ಡದು ಮಾಡಿ ಎಂ8 ಹಾಕಿಸಬೇಡಿ, ವೀಲಿಗೆಂದೇ ಮಾಡಿದ ಬೋಲ್ಟನ್ನೇ ತರಿಸಿ.

ಜೋಡಿಸುವಾಗ ಹಳೇ ಸೀಲಂಟ್ ಚೂರೂ ಉಳಿಯದಂತೆ ತೆಗೆದು ಅಸಿಟೋನ್‌ನಿಂದ ಒರೆಸಿ. ಬೋಲ್ಟ್‌ಗಳನ್ನು ಮೊದಲು ಕೈಯಿಂದ, ಆಮೇಲೆ ಎದುರುಬದುರಾಗಿ ಮೂರು ಹಂತದಲ್ಲಿ ಟಾರ್ಕ್ ರೆಂಚಿನಿಂದ (ಬಿಗಿತ ಅಳೆದು ತಿರುಗಿಸುವ ಪಾನಾ) ಬಿಗಿಯಿರಿ. ಟಾರ್ಕ್ ಅಂಕಿ ಬೋಲ್ಟಿನ ಅಳತೆಗೂ ವೀಲ್ ತಯಾರಕರಿಗೂ ಬೇರೆ ಬೇರೆ, ಅಂದಾಜು ಇಲ್ಲಿ ನಡೆಯದು. ಜೋಡಣೆಯ ಗೆರೆಗೆ ನ್ಯೂಟ್ರಲ್ ಕ್ಯೂರ್ (ಗಟ್ಟಿಯಾಗುವಾಗ ಆಮ್ಲ ಬಿಡದ) ಸಿಲಿಕೋನ್ ಸುತ್ತಲೂ ಕಡಿಯದಂತೆ ಹಾಕಿ ಬೆರಳಿನಿಂದ ಒತ್ತಿ ಸವರಿ. ಬಾತ್‌ರೂಮಿಗೆ ಹಾಕುವ, ವಿನೆಗರ್ ವಾಸನೆಯ ಸಿಲಿಕೋನ್ ಆಗುವುದಿಲ್ಲ. ಅದು ಬಿಡುವ ಆಮ್ಲ ಅಲ್ಯೂಮಿನಿಯಂ ತಿನ್ನುತ್ತದೆ. ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವದಿಂದ, ದಿನಕ್ಕೆ ಸುಮಾರು 2–3 ಮಿಲಿಮೀಟರ್ ಆಳಕ್ಕೆ. ಬೇಸಿಗೆಯ ಒಣ ಹವೆಯಲ್ಲಿ ಇನ್ನೂ ನಿಧಾನ. ಎರಡು ದಿನ ಬಿಟ್ಟೇ ಟೈರ್ ಹಾಕಿಸಿ.

ಗಾಳಿ ತುಂಬಿ ಜೋಡಣೆ, ಬೋಲ್ಟ್, ವಾಲ್ವಿಗೆ ಸೋಪಿನ ನೀರು ಸವರಿ ನೋಡಿ. ಮರುದಿನ ಅಳೆಯುವುದಾದರೆ ಅದೇ ಹೊತ್ತಿಗೆ ಅಳೆಯಿರಿ: ಆರು ಡಿಗ್ರಿ ತಾಪ ಇಳಿದರೆ ಹೆಚ್ಚುಕಡಿಮೆ 1 ಪಿಎಸ್ಐ ಇಳಿಯುತ್ತದೆ. ಧಾರವಾಡದ ಚಳಿಗಾಲದಲ್ಲಿ ಮಧ್ಯಾಹ್ನ ತುಂಬಿಸಿ ನಸುಕಿನಲ್ಲಿ ನೋಡಿದರೆ ಸೋರದ ವೀಲೂ ಸೋರಿದಂತೆ ಕಾಣುತ್ತದೆ. ವೀಲ್ ಸೊಟ್ಟವಿಲ್ಲದೆ ತಿರುಗುತ್ತದೆಯೇ ಎಂದು ಬ್ಯಾಲೆನ್ಸಿಂಗ್ ಯಂತ್ರದ ಮೇಲೇ ನೋಡಿಸಿಕೊಳ್ಳಿ.

ಸೆಂಟರಿಗೆ ಬಣ್ಣ ಹೊಡೆಯುವುದಿದ್ದರೆ ಎಪಾಕ್ಸಿ ಪ್ರೈಮರ್, ಬಣ್ಣ, ಟೂ-ಕೆ ಕ್ಲಿಯರ್ (ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಾರದರ್ಶಕ ಲೇಪ). ಜುಲೈ ಮಳೆಯಲ್ಲಿ ಬೇಡ, ತೇವಕ್ಕೆ ಬಿಳಿಚಿಕೊಳ್ಳುತ್ತದೆ. ಟೂ-ಕೆ ಹಾರ್ಡ್‌ನರಿನ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆ ಕಟ್ಟಿಕೊಂಡರೆ ತಡೆಯದು. ಸರಿಯಾದ ಮಾಸ್ಕ್ ಇಲ್ಲದಿದ್ದರೆ ಪೇಂಟರಿಗೇ ಕೊಡಿ.

ಹೊಳೆಯುವ ಲಿಪ್ಪಿನ ಮೇಲೆ ಮತ್ತೆ ಲ್ಯಾಕರ್ ಹೊಡೆಸುವ ಆಸೆ ಬರುತ್ತದೆ. ಕನ್ನಡಿಯಷ್ಟು ನಯವಾದ ಲೋಹಕ್ಕೆ ಅದು ಸರಿಯಾಗಿ ಹಿಡಿಯುವುದಿಲ್ಲ, ಮತ್ತದೇ ಬಿಳಿ ಗೆರೆ. ಹಾಗೇ ಬಿಟ್ಟು ವ್ಯಾಕ್ಸ್ ಹಚ್ಚಿ, ತಿಂಗಳಿಗೊಮ್ಮೆ ಪಾಲಿಶ್ ಮಾಡಿಕೊಳ್ಳುವುದೇ ಮೇಲು. ತೊಳೆಯಲು ಕಾರ್ ಶಾಂಪೂ ಸಾಕು. ಎರೆಮಣ್ಣು ಒಣಗಿದ್ದರೆ ಒಣ ಅರಿವೆಯಿಂದ ಒರೆಸದೆ ಮೊದಲು ನೀರು ಬಿಟ್ಟು ನೆನೆಸಿ. ಬೋರ್‌ವೆಲ್ ನೀರಿನಲ್ಲಿ ತೊಳೆದರೆ ತಕ್ಷಣ ಒರೆಸಿ, ಇಲ್ಲವಾದರೆ ಸುಣ್ಣದ ಚುಕ್ಕೆ ಕೂರುತ್ತದೆ. ಹಿತ್ತಾಳೆ ಹೊಳಪಿಸುವ ಹುಣಸೆಹಣ್ಣು, ನಿಂಬೆ ಇಲ್ಲಿ ಬೇಡ. ಹುಳಿಗೆ ಅಲ್ಯೂಮಿನಿಯಂ ಮಂಕಾಗುತ್ತದೆ. ವಾಟರ್ ವಾಶ್‌ಗೆ ಬಿಟ್ಟರೆ ವೀಲಿಗೆ ಆಸಿಡ್ ಕ್ಲೀನರ್ ಹೊಡೆಯಬೇಡಿ ಎಂದು ಮೊದಲೇ ಹೇಳಿ, ಟೈರ್ ಅಂಗಡಿಯಲ್ಲಿ ಬ್ಯಾಲೆನ್ಸಿಂಗ್ ತೂಕವನ್ನು ಲಿಪ್ಪಿಗೆ ಬಡಿಯದೆ ಒಳಗಿನ ಬ್ಯಾರಲ್ಲಿಗೆ ಅಂಟಿಸಲು ಹೇಳಿ. 50–100 ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್‌ಗಳನ್ನು ಟಾರ್ಕ್ ರೆಂಚಿನಿಂದ ಇನ್ನೊಮ್ಮೆ ನೋಡಿಕೊಳ್ಳಿ.