ಪದ ಪರಿಚಯ: ಆಘಾತದ ಅರಿವುಳ್ಳ ಆರೈಕೆ

ಹೆದ್ದಾರಿ ಬದಿಯ ಆಸ್ಪತ್ರೆಗಳ ಮೇಲೆ ‘ಟ್ರಾಮಾ ಕೇರ್’ ಎಂಬ ಫಲಕ ನೋಡಿ ರೂಢಿಯಾದ ನಮಗೆ ಟ್ರಾಮಾ ಎಂದೊಡನೆ ನೆನಪಾಗುವುದು ಅಪಘಾತ ಮತ್ತು ಮುರಿದ ಮೂಳೆ. ಗ್ರೀಕ್ ಮೂಲದ ಆ ಪದಕ್ಕೆ ಗಾಯ ಎಂದರ್ಥ. ಅದಕ್ಕೆ ಸಾಟಿಯಾಗಿ ನಾವು ಬಳಸುವ ‘ಆಘಾತ’ಕ್ಕೆ ಪೆಟ್ಟು ಎಂದರ್ಥ. ಪೆಟ್ಟು ಬಿದ್ದು ಮುಗಿಯುತ್ತದೆ, ಗಾಯ ಉಳಿಯುತ್ತದೆ. ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ಈಚೆಗೆ ಕೇಳಿಬರುವ ‘ಟ್ರಾಮಾ ಇನ್‌ಫಾರ್ಮ್ಡ್ ಕೇರ್’, ಅಂದರೆ ಆಘಾತದ ಅರಿವುಳ್ಳ ಆರೈಕೆ, ಸಂಬಂಧಪಟ್ಟಿರುವುದು ಹೀಗೆ ಮನಸ್ಸಿನಲ್ಲಿ ಉಳಿದುಹೋದ ಗಾಯಕ್ಕೆ.

ಬಾಲನ್ಯಾಯ ಕಾಯ್ದೆ, 2015ರ ಅಡಿಯಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಬಾಲಮಂದಿರಕ್ಕೆ ಬರುವ ಮಗು ಹೊಡೆತ, ಹಸಿವು, ದುಡಿತ, ಲೈಂಗಿಕ ದೌರ್ಜನ್ಯ ಅಥವಾ ಹೆತ್ತವರ ಸಾವನ್ನು ಕಂಡು ಬಂದಿರಬಹುದು. ಅದರ ಮೇಲೆ ರಕ್ಷಣೆಯೂ ಇನ್ನೊಂದು ಪೆಟ್ಟಾಗುವುದುಂಟು: ಅಪರಿಚಿತರು ಜೀಪಿನಲ್ಲಿ ಕರೆತರುತ್ತಾರೆ, ಅಕ್ಕ ಬಾಲಕಿಯರ ಮಂದಿರಕ್ಕೂ ತಮ್ಮ ಬಾಲಕರ ಮಂದಿರಕ್ಕೂ ಸೇರಿ ಒಬ್ಬರಿಗೊಬ್ಬರು ದೂರವಾಗುತ್ತಾರೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಎಂಟು ವರ್ಷದ ಹುಡುಗನ ದಿಂಬಿನ ಕೆಳಗೆ ಒಣಗಿದ ಚಪಾತಿ ಸಿಗುತ್ತದೆ, ಹಾಸಿಗೆಗೆ ಇರುವೆ ಹತ್ತಿದೆ. ಮೂರು ಹೊತ್ತು ಊಟ ಸಿಗುವಲ್ಲಿ ಇದನ್ನು ಕಳ್ಳತನವೆಂದು ಬರೆದುಕೊಳ್ಳುವುದು ಸುಲಭ. ಆದರೆ ನಾಳೆ ಊಟ ಸಿಗುತ್ತದೆಂಬ ಭರವಸೆ ಎಂದೂ ಇಲ್ಲದಿದ್ದವನಿಗೆ ಬಚ್ಚಿಡುವುದೇ ಬದುಕಿಸಿದ ವಿದ್ಯೆ. ಇದನ್ನು ಬಲ್ಲ ಗೃಹಮಾತೆ, ಅಂದರೆ ಮಂದಿರದಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು, ಗದರುವುದಿಲ್ಲ. ಹಾಸಿಗೆಯ ಪಕ್ಕ ಒಂದು ಮುಚ್ಚಳದ ಡಬ್ಬಿ ಇಟ್ಟು, ದಿನವೂ ಸಂಜೆ ಅವನ ಕಣ್ಣೆದುರೇ ಅದಕ್ಕೆ ಎರಡು ಚಿಕ್ಕಿ ಹಾಕುತ್ತಾಳೆ. ಡಬ್ಬಿ ಖಾಲಿಯಾಗುವುದಿಲ್ಲವೆಂಬುದು ಮನಸ್ಸಿಗೆ ಇಳಿಯಲು ತಿಂಗಳುಗಳೇ ಹಿಡಿಯಬಹುದು.

ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಬಾಗಿಲು ದಡಾರೆಂದರೆ ಮಂಚದಡಿ ಸೇರುವುದು, ಮಾತನಾಡಿಸಿದರೂ ಎಲ್ಲೋ ನೋಡುತ್ತ ಕೂರುವುದು, ಇವೆಲ್ಲ ಇದೇ ಬಗೆಯವು. ಅಪಾಯದಲ್ಲೇ ಬೆಳೆದ ಮಗುವಿನ ಮಿದುಳು ಸಣ್ಣ ಸದ್ದನ್ನೂ ಅಪಾಯವೆಂದೇ ಓದುತ್ತದೆ, ಯೋಚನೆಗೆ ಮೊದಲೇ ದೇಹ ಓಡಲು, ಹೊಡೆದಾಡಲು ಇಲ್ಲವೇ ಮರಗಟ್ಟಲು ಸಜ್ಜಾಗುತ್ತದೆ. ನಾವು ‘ಸೊಕ್ಕು’, ‘ಹಟ’ ಎಂದು ಕರೆಯುವುದರಲ್ಲಿ ಬಹುಪಾಲು ಹೆದರಿಕೆಯೇ ಎಂಬುದು ನನ್ನ ಅನಿಸಿಕೆ.

ಹಾಗೆಂದು ಇದು ಸಡಿಲ ಬಿಡುವ ಪದ್ಧತಿಯಲ್ಲ. ಏಳುವ, ಉಣ್ಣುವ, ಮಲಗುವ ಹೊತ್ತು ನಿಶ್ಚಿತವಾಗಿದ್ದು, ನಿಯಮ ಇಂದಿಗೂ ನಾಳೆಗೂ ಒಂದೇ ಆಗಿದ್ದರೆ ಅಂಥ ಮಗುವಿಗೆ ನೆಲ ಸಿಗುತ್ತದೆ. ಹೊಡೆತಕ್ಕಂತೂ ಇಲ್ಲಿ ಎಡೆಯಿಲ್ಲ. ಪಾಲನಾ ಸಂಸ್ಥೆಯ ಸಿಬ್ಬಂದಿ ಶಿಸ್ತಿನ ಹೆಸರಿನಲ್ಲಿ ದೈಹಿಕ ಶಿಕ್ಷೆ ಕೊಟ್ಟರೆ ಕಾಯ್ದೆಯ 82ನೇ ಕಲಮಿನ ಪ್ರಕಾರ ಅದು ಅಪರಾಧ. ಪೊಲೀಸರು, ವೈದ್ಯರು, ಸಮಿತಿ, ಸಂದರ್ಶಕರು ಎಂದು ಬಂದವರೆಲ್ಲರ ಮುಂದೆ ನಡೆದದ್ದನ್ನು ಮತ್ತೆ ಮತ್ತೆ ಹೇಳಿಸುವುದನ್ನೂ ಈ ಆರೈಕೆ ಒಪ್ಪುವುದಿಲ್ಲ. ಅಮೆರಿಕದ ಮಾನಸಿಕ ಆರೋಗ್ಯ ಸೇವೆಗಳ ಸರ್ಕಾರಿ ಸಂಸ್ಥೆಯೊಂದು 2014ರಲ್ಲಿ ಈ ಪರಿಕಲ್ಪನೆಯನ್ನು ವಿವರಿಸುವಾಗ, ಆಘಾತವನ್ನು ಅರಿಯುವುದು, ಗುರುತಿಸುವುದು, ಸ್ಪಂದಿಸುವುದು ಎಂಬವುಗಳ ಜೊತೆಗೆ ಮತ್ತೆ ಗಾಯವಾಗದಂತೆ ತಡೆಯುವುದನ್ನೂ ಸೇರಿಸಿತು.

ಆಪ್ತಸಮಾಲೋಚಕರ ವಾರದ ಒಂದು ಗಂಟೆಯನ್ನಷ್ಟೇ ಈ ಆರೈಕೆಯೆಂದು ಎಣಿಸುವವರಿದ್ದಾರೆ. ಉಳಿದ ಹೊತ್ತೆಲ್ಲ ಮಗುವಿನೊಡನೆ ಇರುವವರು ಅಡುಗೆಯವರು, ಕಾವಲುಗಾರರು, ಗೃಹಮಾತೆಯರು. 2020ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಬೆಂಬಲದಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆರಂಭವಾದ ‘ಸಂವಾದ್’ ಎಂಬ ಕಾರ್ಯಕ್ರಮ ಮಕ್ಕಳ ರಕ್ಷಣಾ ಕ್ಷೇತ್ರದವರಿಗೆ ತರಬೇತಿ ನೀಡುತ್ತಿದೆ. ಅಂಥ ಅರಿವು ಅಡುಗೆಮನೆಯವರೆಗೂ ತಲುಪಬೇಕಾಗುತ್ತದೆ. ಈ ಸಿಬ್ಬಂದಿಯ ದಣಿವಿಗೂ ಲೆಕ್ಕವಿರಬೇಕು. ಮೂವತ್ತು ಮಕ್ಕಳನ್ನು ಒಬ್ಬಳೇ ನೋಡಿಕೊಳ್ಳುವವಳಿಂದ ರಾತ್ರಿ ಹನ್ನೊಂದಕ್ಕೆ ತಾಳ್ಮೆ ನಿರೀಕ್ಷಿಸುವುದು ನ್ಯಾಯವಲ್ಲ.

ಇನ್ನು ವರ್ಗಾವಣೆ. ಹಚ್ಚಿಕೊಂಡ ಗೃಹಮಾತೆ ಒಂದು ಬೆಳಿಗ್ಗೆ ಕಾಣದಿದ್ದರೆ ಮಗುವಿಗೆ ಹಳೆಯ ಕಥೆಯೇ ಮರುಕಳಿಸುತ್ತದೆ. ಹೋಗುವ ದಿನವನ್ನು ಮುಂಚೆಯೇ ತಿಳಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಮಗುವಿನೊಡನೆ ಸೇರಿ ಗುರುತು ಹಾಕಿ, ಡಬ್ಬಿ ತುಂಬುವ ಕೆಲಸವನ್ನು ಹೊಸಬರಿಗೆ ಮಗುವಿನ ಎದುರಿನಲ್ಲೇ ಒಪ್ಪಿಸಿ ಹೊರಡುವುದೂ ಈ ಪದದ ಅರ್ಥದೊಳಗೇ ಬರುತ್ತದೆ.